ಅಸ್ತರದೊಳಗೆ ಕೈಹಾಕಿ ನೋಡು

ಇಚಲಕರಂಜಿ,
ಆಷಾಢ ಮಾಸ

ಚಿರಂಜೀವಿ ಅಳಿಯನಿಗೆ,

ಗೋಕುಲ ಶಿರಗಾವದ ಕಂಪನಿಯಲ್ಲಿ, ಪರದೇಶದ ಗಿರಾಕಿಗಳ ಜೊತೆ ವ್ಯವಹಾರ ನೋಡುವ ಕೆಲಸ ನಿನಗೆ ಸಿಕ್ಕಿತೆಂದು ಅಕ್ಕ ಫೋನಿನಲ್ಲಿ ಹೇಳಿದಳು. ನಿನ್ನ ಮಾಮಿ ಆವತ್ತೇ ಹೋಳಿಗೆ ಮಾಡಿದಳು. ನಿನ್ನ ಪಾಲಿನದ್ದು ಬಾಕಿ ಇದೆ, ಬಂದು ತಿನ್ನಬೇಕು.

ಈಗ ನೀನು ಕೇಳಿದ ವಿಷಯ. ಕೊಲ್ಹಾಪುರದ ಅಂಗಡಿಯ ಮುಂದೆ ನಿಂತು ಫೋಟೋ ತೆಗೆದು ಕಳಿಸಿದ್ದೀ: ಒಂದು ಸೂಟು ಕೊಂಡರೆ ಎರಡು ಪುಕ್ಕಟೆ. ಕೊಳ್ಳಲೇ ಮಾಮಾ ಎಂದು ಕೇಳಿದ್ದೀ. ಕೊಳ್ಳಬೇಡ. ಮೂರು ಸೂಟುಗಳ ಬಟ್ಟೆ, ಹೊಲಿಗೆ ಕೂಲಿ, ಅಂಗಡಿಯ ಬಾಡಿಗೆ, ಜಾಹೀರಾತು, ಮಾಲಕನ ಲಾಭ ಎಲ್ಲವೂ ಆ ಒಂದೇ ಬೆಲೆಯೊಳಗೆ ಕೂತಿರುತ್ತವೆ. ಹಾಗಿದ್ದ ಮೇಲೆ ಒಂದೊಂದು ಸೂಟಿನ ಬಟ್ಟೆಗೆ, ಹೊಲಿಗೆಗೆ ಎಷ್ಟು ರೊಕ್ಕ ಬಿದ್ದೀತು ನೀನೇ ಲೆಕ್ಕ ಹಾಕು. ನಾಲ್ಕು ಸಾವಿರದ ಸೂಟೊಂದು ನಲವತ್ತು ಸಲ ಹಾಕುವುದರೊಳಗೆ ಕೋಟಿನ ಎದೆಯ ಮೇಲೆ ಗುಳ್ಳೆ ಎದ್ದು ಮೂಲೆಗೆ ಬಿತ್ತು ಅಂದುಕೋ, ಒಂದು ಸಲಕ್ಕೆ 100 ರೂಪಾಯಿ ಆಯಿತು. ಹದಿನಾರು ಸಾವಿರದ್ದನ್ನು ವಾರಕ್ಕೆರಡು ಸಲದಂತೆ ನಾಲ್ಕು ವರ್ಷ ಹಾಕಿದರೆ ಸುಮಾರು ನಾನೂರು ಸಲ, ಸಲಕ್ಕೆ ಹೆಚ್ಚೆಂದರೆ 40 ರೂಪಾಯಿ. ಯಾವುದು ಸೋವಿ?

ಹಾಗಂತ ದುಬಾರಿಯದ್ದೆಲ್ಲ ಬಾಳಿಕೆ ಬರುತ್ತದೆ ಎಂದೂ ನಂಬಬೇಡ. ಹೆಸರಿಗೆ ಕೊಟ್ಟ ರೊಕ್ಕ ಹೊಲಿಗೆಯೊಳಗೆ ಇರುವುದಿಲ್ಲ. ಸೂಟಿನ ಬೆಲೆ ಇರುವುದು ಹೊರಗೆ ಕಾಣದ ಜಾಗಗಳಲ್ಲಿ: ಬಟ್ಟೆಯ ನೂಲಿನಲ್ಲಿ, ಎದೆಯ ಒಳಪದರದಲ್ಲಿ, ಹೊಲಿಗೆಯ ಸಂದಿಯಲ್ಲಿ ಬಿಟ್ಟ ಹೆಚ್ಚಿನ ಬಟ್ಟೆಯಲ್ಲಿ, ಅಂದರೆ ಮಾರ್ಜಿನ್‌ನಲ್ಲಿ. ಬಿಚ್ಚಿ ಸಡಿಲಿಸಲು, ರಿಪೇರಿ ಮಾಡಲು ಬರುವ ಸೂಟು ಬಾಳುತ್ತದೆ. ಬಿಚ್ಚಲಾಗದ್ದು ನಿನ್ನ ಹೊಟ್ಟೆ ಎರಡು ಇಂಚು ಬೆಳೆದ ದಿನ ಸತ್ತಂತೆ. ಈ ಪತ್ರ ಉದ್ದವಾಗುವುದು ಇದೊಂದೇ ಮಾತಿಗಾಗಿ.

ಬಟ್ಟೆಯಿಂದ ಶುರು ಮಾಡುತ್ತೇನೆ, ನನಗೆ ಗೊತ್ತಿರುವುದು ಅದೇ. ಈ ಊರಿಗೆ 1904ರಲ್ಲಿ ವಿಠ್ಠಲರಾವ್ ದಾತಾರ್ ಮೊದಲ ಪವರ್‌ಲೂಮ್ ತಂದರು. ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಬೆಂಬಲ ಅದರ ಹಿಂದಿತ್ತು. ಆಮೇಲೆ ಪಂಚಗಂಗೆಯ ದಂಡೆಯ ಈ ಊರು ಹಗಲು ರಾತ್ರಿ ನೇಯುವುದನ್ನು ನಿಲ್ಲಿಸಿಲ್ಲ. ನಾನು ಇಲ್ಲಿ ಅನ್ನ ಉಂಡದ್ದು ಗ್ರೇ ಬಟ್ಟೆಯ ಚೆಕಿಂಗ್ ಮೇಜಿನ ಮುಂದೆ ನಿಂತು. ಮಗ್ಗದಿಂದ ಇಳಿದ ತಾನನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ಹರಿದಿದೆ, ಎಲ್ಲಿ ಹೊಕ್ಕು ತೆಳುವಾಗಿದೆ ನೋಡಿ ಗುರುತು ಹಾಕುವ ಕೆಲಸ. ಇಲ್ಲಿನ ಮಂದಿ ಬಟ್ಟೆ ಕಂಡರೆ ಮೊದಲು ಕೇಳುವುದು ಬಣ್ಣವನ್ನಲ್ಲ. ಕೌಂಟ್ ಎಷ್ಟು, ರೀಡ್ ಎಷ್ಟು, ಪಿಕ್ ಎಷ್ಟು ಎನ್ನುತ್ತಾರೆ. ಅಂದರೆ ನೂಲು ಎಷ್ಟು ಸಣ್ಣ, ಒಂದು ಇಂಚಿಗೆ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು. ಸೂಟಿನ ಬಟ್ಟೆಗೂ ಇದೇ ಕಣ್ಣು ಬೇಕು.

ಅಂಗಡಿಯಲ್ಲಿ ಬಟ್ಟೆಯನ್ನು ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿ. ಜಾಳಾಗಿ ಬೆಳಕು ಸುರಿದರೆ ಬಿಟ್ಟುಬಿಡು. ಮುಷ್ಟಿಯಲ್ಲಿ ಹಿಂಡಿ ಹತ್ತು ಎಣಿಸಿ ಬಿಡು. ಸುಕ್ಕು ತಾನಾಗಿ ಬಿಡಿಸಿಕೊಂಡರೆ ಅದರಲ್ಲಿ ಜೀವವಿದೆ. ಎರಡು ಹೆಬ್ಬೆರಳಿನಿಂದ ಅಡ್ಡಲಾಗಿ ಎಳೆದಾಗ ಎಳೆಗಳು ಸರಿದು ದಾರಿ ಬಿಟ್ಟರೆ, ಆ ಬಟ್ಟೆ ಪ್ಯಾಂಟಿನ ಹಿಂಭಾಗದ ಹೊಲಿಗೆಯಲ್ಲಿ ಹಾಗೆಯೇ ಜಾರುತ್ತದೆ. ಹಾಸಿಗೂ ಹೊಕ್ಕಿಗೂ ಎರಡೆರಡು ಎಳೆ ಹುರಿ ಮಾಡಿದ ನೂಲು ಇದೆಯೇ ಎಂದು ಕೇಳು. ಟು-ಪ್ಲೈ ಎಂದರೆ ಅಂಗಡಿಯವನಿಗೆ ಗೊತ್ತಾಗುತ್ತದೆ. ಒಂದೇ ಎಳೆಯ ನೂಲಿನದ್ದು ಮುಟ್ಟಲು ಮೆತ್ತಗಿರಬಹುದು, ತಿಕ್ಕಾಟಕ್ಕೆ ನಿಲ್ಲುವುದಿಲ್ಲ.

ಇನ್ನು ಉಣ್ಣೆ. ನಮ್ಮ ಕಡೆಯವರು ಉಣ್ಣೆಯ ಸೂಟು ಎಂದರೆ ಚಳಿ ದೇಶದವರದ್ದು, ಸೆಕೆಯಲ್ಲಿ ಬೆವರು ಸುರಿಯುತ್ತದೆ ಎನ್ನುತ್ತಾರೆ. ಪಟ್ಟಣಕೊಡೋಲಿಯ ವಿಠ್ಠಲ ಬೀರದೇವರ ಜಾತ್ರೆಗೆ ನೀನು ಬಂದಿದ್ದೀಯಲ್ಲ, ಭಂಡಾರದಲ್ಲಿ ಇಡೀ ಊರು ಹಳದಿಯಾದಾಗ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬರುವ ಕುರುಬರನ್ನು, ಧನಗರರನ್ನು ನೋಡಿದ್ದೀ. ಅವರು ಆ ಕಂಬಳಿಯನ್ನು ಬಿಸಿಲಿಗೂ ಹೊದೆಯುತ್ತಾರೆ, ಮಳೆಗೂ ಹೊದೆಯುತ್ತಾರೆ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ಕಂಬಳಿಗೆ ಸರಿ. ಸೂಟಿಗೆ ಬರುವುದು ಹೆಚ್ಚಾಗಿ ಆಸ್ಟ್ರೇಲಿಯದ ಮೆರಿನೊ ಕುರಿಯ ನವಿರು ಎಳೆ. ಗುಣ ಮಾತ್ರ ಅದೇ. ತೆಳ್ಳಗೆ, ಸಾದಾ ನೇಯ್ಗೆಯಲ್ಲಿ ನೇಯ್ದ ಉಣ್ಣೆ ಗಾಳಿಯಾಡುತ್ತದೆ, ಬೆವರು ಹೀರುತ್ತದೆ, ರಾತ್ರಿ ತೂಗುಹಾಕಿದರೆ ಬೆಳಗಿಗೆ ಸುಕ್ಕು ಬಿಟ್ಟಿರುತ್ತದೆ. ಸೆಕೆ ಆಗುವುದು ಪೂರ್ತಿ ಪಾಲಿಸ್ಟರ್‌ನಲ್ಲಿ.

ಅಂಗಡಿಯವನು ಸೂಪರ್ 100, ಸೂಪರ್ 120, ಸೂಪರ್ 150 ಎಂದು ಸಂಖ್ಯೆ ಏರಿಸುತ್ತ ಹೋಗುತ್ತಾನೆ, ಬೆಲೆಯೂ ಏರುತ್ತದೆ. ಆ ಸಂಖ್ಯೆ ಬಾಳಿಕೆಯದ್ದಲ್ಲ, ಎಳೆಯ ನವಿರಿನದ್ದು. ಸೂಪರ್ 100 ಎಂದರೆ ಎಳೆಯ ದಪ್ಪ ಹೆಚ್ಚೆಂದರೆ 18.75 ಮೈಕ್ರಾನ್, ಸೂಪರ್ 120ಕ್ಕೆ 17.75, ಸೂಪರ್ 150ಕ್ಕೆ 16.25. ಎಳೆ ಸಣ್ಣದಾದಷ್ಟೂ ಮೈಗೆ ಹಿತ, ಆದರೆ ಕುರ್ಚಿಗೆ, ಬಸ್ಸಿನ ಸೀಟಿಗೆ ತಿಕ್ಕಿ ಬೇಗ ಸವೆಯುತ್ತದೆ. ಸೂಪರ್ 150 ವರ್ಷಕ್ಕೆ ನಾಲ್ಕು ಸಮಾರಂಭಕ್ಕೆ ಹೋಗುವವರಿಗೆ. ವಾರವಾರ ಹಾಕುವ ನಿನಗೆ 100 ಸಾಕು, 110 ದಾಟುವುದೇ ಬೇಡ. ತೂಕವನ್ನೂ ಕೇಳು: ಚದರ ಮೀಟರಿಗೆ 240ರಿಂದ 270 ಗ್ರಾಮಿನ ಬಟ್ಟೆ ನಮ್ಮ ಹವೆಗೆ ವರ್ಷಪೂರ್ತಿ ನಡೆಯುತ್ತದೆ. ಅದಕ್ಕಿಂತ ಹಗುರಾದದ್ದು ಮೊಣಕಾಲಲ್ಲಿ ಜೋತುಬೀಳುತ್ತದೆ.

ಶುದ್ಧ ಉಣ್ಣೆ ಕೈಗೆ ಎಟುಕದಿದ್ದರೆ ಟೆರಿವುಲ್ ತಗೋ, ಉಣ್ಣೆ ಪಾಲಿಸ್ಟರ್ ಕೂಡಿಸಿದ್ದು. ನಿಜ ಹೇಳಬೇಕೆಂದರೆ ನಿನ್ನ ಮೊದಲ ಸೂಟಿಗೆ ನನ್ನ ಓಟು ಅದಕ್ಕೇ. ಪಾಲಿಸ್ಟರ್ ಗಟ್ಟಿತನ ಕೊಡುತ್ತದೆ, ಉಣ್ಣೆ ಉಸಿರಾಟ ಕೊಡುತ್ತದೆ. ಉಣ್ಣೆ ನೂರಕ್ಕೆ ನಲವತ್ತರ ಕೆಳಗೆ ಇಳಿಯದಂತೆ ನೋಡಿಕೋ. ಪಾಲಿಸ್ಟರ್-ವಿಸ್ಕೋಸ್ ಎಂಬುದು ಇನ್ನೊಂದು, ರಾಜಸ್ಥಾನದ ಭೀಲವಾಡಾದಿಂದ ಲಾರಿಗಟ್ಟಲೆ ಬರುತ್ತದೆ. ದಿನದ ಪ್ಯಾಂಟಿಗೆ ಅದು ಚಲೋ ಬಟ್ಟೆ, ಅದನ್ನು ಹೀಗಳೆಯುವುದಿಲ್ಲ. ಕೋಟಿಗೆ ಮಾತ್ರ ಬೇಡ, ನಾಲ್ಕು ಇಸ್ತ್ರಿ ಆಗುವಷ್ಟರಲ್ಲಿ ಮೊಣಕೈ ಮಿಂಚಲು ಶುರುವಾಗುತ್ತದೆ. ಅಂಗಡಿಯವನ ಮಾತಿನ ಮೇಲೆ ಸಂಶಯ ಬಂದರೆ ಅಂಚಿನಿಂದ ಎರಡು ಎಳೆ ಕೇಳಿ ತಗೊಂಡು ಹೊರಗೆ ಬಂದು ಕಡ್ಡಿ ಗೀರು. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿ ತೆಗೆದರೆ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ವಿಸ್ಕೋಸ್ ಕಾಗದದ ಹಾಗೆ ಉರಿದುಹೋಗುತ್ತದೆ.

ಅಂಗಿಗಳ ವಿಷಯ ಬೇಗ ಮುಗಿಸುತ್ತೇನೆ. ಬಿಳಿ ಮತ್ತು ತಿಳಿನೀಲಿ, ಪೂರ್ತಿ ಹತ್ತಿ, ಅಷ್ಟೇ. ಕಾಗಲದ ಫೈವ್‌ಸ್ಟಾರ್ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ರೇಮಂಡ್ ಲಕ್ಸುರಿ ಕಾಟನ್ಸ್‌ನವರು ದೊಡ್ಡ ದೊಡ್ಡ ಬ್ರಾಂಡುಗಳಿಗೆ ಹೋಗುವ ಹತ್ತಿ ಶರ್ಟಿಂಗ್ ನೇಯುತ್ತಾರೆ, ನಿಮ್ಮ ಗಡಹಿಂಗ್ಲಜದ ಬಸ್ಸು ದಿನಾ ಹಾಯುವ ಊರು ಅದು. ಒಳ್ಳೆಯ ಅಂಗಿ ಬಟ್ಟೆಗೆ ನೀನು ದೂರ ಹೋಗಬೇಕಿಲ್ಲ.

ಸೋವಿಯ ಮಾತು ಬಂದರೆ ಎಲ್ಲರೂ ಕೊಲ್ಹಾಪುರದ ಪಕ್ಕದ ಗಾಂಧಿನಗರಕ್ಕೆ ಹೋಗು ಎನ್ನುತ್ತಾರೆ. ಹೋಗು, ಆದರೆ ಅದು ಯಾವ ನೆಲ ಎಂದು ತಿಳಿದು ಹೋಗು. ಎರಡನೇ ಮಹಾಯುದ್ಧದಲ್ಲಿ ಮನೆಮಾರು ಕಳಕೊಂಡ ಸುಮಾರು ಐದು ಸಾವಿರ ಪೋಲೆಂಡಿನ ಜನ, ಹೆಚ್ಚಿನವರು ಹೆಂಗಸರು ಮಕ್ಕಳು, 1943ರಿಂದ 1948ರವರೆಗೆ ಅಲ್ಲಿ, ವಳಿವಡೆಯ ಶಿಬಿರದಲ್ಲಿ ಬದುಕಿದರು. ದೇಶ ಒಡೆದಾಗ ಸಿಂಧ್ ಬಿಟ್ಟು ಬಂದವರಿಗೆ, ಪೋಲೆಂಡಿನವರು ಹೋದ ಮೇಲೆ, ಅದೇ ಜಾಗ ಆಸರೆಯಾಯಿತು. ಏನೂ ಇಲ್ಲದೆ ಬಂದವರು ಬಟ್ಟೆಯ ಗಂಟು ಕಟ್ಟಿ ಮಾರಿ ಸುತ್ತಲ ಜಿಲ್ಲೆಗಳಿಗೇ ದೊಡ್ಡದಾದ ಹೋಲ್‌ಸೇಲ್ ಪೇಟೆ ಎಬ್ಬಿಸಿದರು. ಆ ದುಡಿಮೆಯ ಮೇಲೆ ನನಗೆ ಬಹಳ ಗೌರವ. ಅಸ್ತರದ ಬಟ್ಟೆ, ಅಂಗಿ ಪೀಸು, ಟೈ, ಕಾಲುಚೀಲ ಅಲ್ಲಿ ತಗೋ. ಸೂಟಿನ ಬಟ್ಟೆಯನ್ನೂ ತಗೊಳ್ಳಬಹುದು, ಅಂಚಿನಲ್ಲಿ ಮಿಲ್ಲಿನ ಹೆಸರು, ಉಣ್ಣೆಯ ಪ್ರಮಾಣ ನೇಯ್ದಿದ್ದರೆ ಮಾತ್ರ. ಅಂಚು ಕತ್ತರಿಸಿದ ತುಂಡು ಎಷ್ಟೇ ಸೋವಿಯಿದ್ದರೂ ಬೇಡ.

ಇನ್ನೊಂದು ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ಸಿದ್ಧ ಉಡುಪಿಗೆ ಜಿಎಸ್‌ಟಿ ನೂರಕ್ಕೆ 18 ಆಗಿದೆ. ಬಟ್ಟೆಗೆ 5. ಹದಿನಾರು ಸಾವಿರದ ವ್ಯವಹಾರದಲ್ಲಿ ಇದು ಸಣ್ಣ ಅಂತರವಲ್ಲ, ಆ ಉಳಿತಾಯದಲ್ಲಿ ಚಲೋ ಅಸ್ತರ ಬರುತ್ತದೆ. ಹಾಗಾಗಿ ಬಟ್ಟೆ ತಗೊಂಡು ಹೊಲಿಸು.

ಹೊಲಿಸುವಾಗ ಎಷ್ಟು ಬಟ್ಟೆ? ಸಾಧಾರಣ ಸೂಟ್‌ಪೀಸು ದೊಡ್ಡ ಪನ್ನದ್ದು ಮೂರು, ಮೂರೂಕಾಲು ಮೀಟರ್. ನೀನು ಅದೇ ತಾನಿನಿಂದ ಇನ್ನೂ 1.3 ಮೀಟರ್ ಕತ್ತರಿಸಿಕೊಂಡು ಬಾ. ಒಂದು ಕೋಟು, ಎರಡು ಪ್ಯಾಂಟು. ಸೂಟು ಸಾಯುವುದು ಯಾವಾಗಲೂ ಪ್ಯಾಂಟಿನಿಂದ, ತೊಡೆಯ ಸಂದಿಯಲ್ಲಿ, ಕೂರುವ ಜಾಗದಲ್ಲಿ. ಕೋಟು ಹೊಸದರ ಹಾಗೆ ಇದ್ದಾಗಲೇ ಪ್ಯಾಂಟು ಸವೆದು ಜೋಡಿ ಮುರಿಯುತ್ತದೆ, ಆಮೇಲೆ ಹುಡುಕಿದರೆ ಅದೇ ಬಣ್ಣ ಸಿಗುವುದಿಲ್ಲ. ಬಣ್ಣ ಅಚ್ಚನೀಲಿ ಇರಲಿ, ಅಥವಾ ಇದ್ದಿಲು ಬೂದು. ಕರಿಯದ್ದು ಬೇಡ, ನಮ್ಮ ಬಿಸಿಲಿನ ಧೂಳು ಅದರ ಮೇಲೆ ಎದ್ದು ಕಾಣುತ್ತದೆ. ಚೌಕಡಿ, ಗೆರೆ ಬೇಡ. ಸಾದಾ ಬಟ್ಟೆಯ ಕೋಟನ್ನು ವಾರದಲ್ಲಿ ಎರಡು ಸಲ ಹಾಕಿದರೂ ಯಾರ ಕಣ್ಣೂ ಎಣಿಸುವುದಿಲ್ಲ. ಎರಡನೆಯ ಸೂಟನ್ನು ಮುಂದಿನ ವರ್ಷ ಯೋಚಿಸು.

ಶಿಂಪಿ ಯಾರು ಎಂಬುದಕ್ಕೆ ನನ್ನ ಉತ್ತರ: ಕೋಟು ಹೊಲಿಯುವುದೇ ಕಸುಬಾದವನು. ಗಡಹಿಂಗ್ಲಜದಲ್ಲೂ ಇದ್ದಾರೆ, ಕೊಲ್ಹಾಪುರದಲ್ಲೂ ಇದ್ದಾರೆ. ಅಂಗಡಿಯ ಗಾಜು ನೋಡಬೇಡ. ಒಳಗೆ ಹೋಗಿ ಬೇರೆಯವರಿಗೆ ಹೊಲಿಯುತ್ತಿರುವ ಅರ್ಧ ಕೋಟನ್ನು ತೋರಿಸಿ ಎಂದು ಕೇಳು. ನಾಚಿಕೆ ಬೇಡ, ಕಸುಬು ಬಲ್ಲವನಿಗೆ ಅದು ಸಂತೋಷವೇ. ಎದೆಯ ಒಳಪದರ ಹೇಗಿದೆ ನೋಡು. ಪೇಸ್ಟಿಂಗ್ ಎಂದರೆ ಒಳಬಟ್ಟೆಯನ್ನು ಅಂಟು ಹಾಕಿ ಕಾಯಿಸಿ ಹೊರಬಟ್ಟೆಗೆ ಹತ್ತಿಸುವುದು. ಬೇಗ ಆಗುತ್ತದೆ, ಸೋವಿ ಆಗುತ್ತದೆ. ಸಿದ್ಧ ಸೂಟುಗಳಲ್ಲಿ ಬಹುಪಾಲು ಇದೇ. ಕೀಳು ಅಂಟು ನಮ್ಮ ಮಳೆಗಾಲದ ತೇವಕ್ಕೆ, ಡ್ರೈಕ್ಲೀನಿಂಗ್‌ನ ಕಾವಿಗೆ ಬಿಟ್ಟುಕೊಂಡಾಗ ಎದೆಯ ಮೇಲೆ ಗುಳ್ಳೆ ಏಳುತ್ತದೆ. ಆ ಗುಳ್ಳೆಗೆ ಯಾವ ಇಸ್ತ್ರಿಯಲ್ಲೂ ಔಷಧವಿಲ್ಲ. ಕ್ಯಾನ್ವಾಸ್ ಎಂದರೆ ಕೂದಲು ಕೂಡಿಸಿ ನೇಯ್ದ ಒಳಬಟ್ಟೆಯನ್ನು ಸೂಜಿ ದಾರದಿಂದ ಸಡಿಲವಾಗಿ ಟಾಕಿ ಕೂರಿಸುವುದು. ಅದು ನಿನ್ನ ಎದೆಯ ಆಕಾರ ಕಲಿಯುತ್ತ ಹೋಗುತ್ತದೆ, ಹಾಕಿದಷ್ಟೂ ಚಂದ ಕೂರುತ್ತದೆ. ಪೂರ್ತಿ ಕ್ಯಾನ್ವಾಸ್ ದುಬಾರಿ. ಎದೆ ಮತ್ತು ಕಾಲರಿನ ಮಡಿಕೆಯವರೆಗೆ ಕ್ಯಾನ್ವಾಸ್, ಕೆಳಗೆ ಪೇಸ್ಟಿಂಗ್ ಮಾಡುವ ಅರ್ಧ ಕ್ಯಾನ್ವಾಸ್ ಕೇಳು, ನಿನ್ನ ಕೆಲಸಕ್ಕೆ ಅದು ಸಾಕು. ಸಿದ್ಧ ಕೋಟನ್ನೇ ನೋಡುವ ಪ್ರಸಂಗ ಬಂದರೆ ಮೇಲಿನ ಗುಂಡಿಯ ಮೇಲ್ಗಡೆ, ಎದೆಯ ಹತ್ತಿರ ಹೊರಪದರ ಒಂದು ಬೆರಳಲ್ಲಿ, ಒಳಪದರ ಇನ್ನೊಂದು ಬೆರಳಲ್ಲಿ ಹಿಡಿದು ಬೇರೆ ಮಾಡಿ ನೋಡು. ನಡುವೆ ಮೂರನೆಯದೊಂದು ತೇಲಾಡಿದರೆ ಕ್ಯಾನ್ವಾಸ್ ಇದೆ, ಎಲ್ಲ ಒಂದೇ ಹಲಗೆಯಾಗಿದ್ದರೆ ಅಂಟು.

ಕಚ್ಚಾ ಹೊಲಿಗೆಯ ಟ್ರಯಲ್ ಇಲ್ಲದೆ ಕೋಟು ತಗೊಳ್ಳಬೇಡ. ಟ್ರಯಲ್‌ಗೆ ನಿಂತಾಗ ಮೊದಲು ಹೆಗಲು ನೋಡು. ಸೊಂಟ ಬಿಚ್ಚಬಹುದು, ತೋಳು ಉದ್ದ ಮಾಡಬಹುದು, ಹೆಗಲು ಒಮ್ಮೆ ತಪ್ಪಿದರೆ ಇಡೀ ಕೋಟು ಬಿಚ್ಚಬೇಕು. ಹೆಗಲಿನ ಹೊಲಿಗೆ ನಿನ್ನ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಕಾಲರು ಕುತ್ತಿಗೆಗೆ ತಾಗಿರಬೇಕು, ಹಿಂದೆ ಬಾಯಿ ಬಿಡಬಾರದು. ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ಎಕ್ಸ್ ಅಕ್ಷರದ ಸುಕ್ಕು ಬಿದ್ದರೆ ಬಿಗಿ. ತೋಳಿನ ತುದಿಯಲ್ಲಿ ಅಂಗಿ ಅರ್ಧ ಇಂಚು ಕಾಣಬೇಕು. ಕನ್ನಡಿ ಮುಂದೆ ಕಂಬದ ಹಾಗೆ ನಿಂತು ಚಲೋ ಇದೆ ಎನ್ನಬೇಡ. ಕುರ್ಚಿಯಲ್ಲಿ ಕೂತು ನೋಡು, ಕೈಕುಲುಕುವ ಹಾಗೆ ಕೈ ಚಾಚಿ ನೋಡು, ಲ್ಯಾಪ್‌ಟಾಪಿನ ಮೇಲೆ ಬಾಗಿ ನೋಡು. ನಿನ್ನ ದಿನ ಹೋಗುವುದು ಹಾಗೆಯೇ.

ಈಗ ಹುಡುಗರು ಮೈಗೆ ಅಂಟುವ, ಗಿಡ್ಡ ಕೋಟು ಹೊಲಿಸುತ್ತಾರೆ. ನಿನಗೆ ಇಪ್ಪತ್ಮೂರು ವಯಸ್ಸು, ನಮ್ಮ ಮನೆತನದ ಗಂಡಸರು ಮದುವೆಯಾದ ಮೇಲೆ ತುಂಬಿಕೊಳ್ಳುತ್ತಾರೆ. ಅದಕ್ಕೇ ಶಿಂಪಿಗೆ ಬಾಯಿಬಿಟ್ಟು ಹೇಳು: ಬೆನ್ನಿನ ನಡುಹೊಲಿಗೆಯಲ್ಲಿ, ಕೋಟಿನ ಬದಿಯಲ್ಲಿ, ಪ್ಯಾಂಟಿನ ಹಿಂದೆ, ಕಾಲಿನ ಮಡಿಕೆಯಲ್ಲಿ ಮಾರ್ಜಿನ್ ಬಿಡು ಅಂತ. ಪ್ಯಾಂಟಿನ ಹಿಂಭಾಗದಲ್ಲಿ ಹೊಲಿಗೆಯ ಎರಡೂ ಬದಿ ಒಂದೂವರೆ ಇಂಚು ಬಿಟ್ಟರೆ ಸೊಂಟ ಎರಡು ಇಂಚಿನವರೆಗೆ ಬಿಚ್ಚಲು ದಾರಿ. ಕೋಟು ಕೊಡುವ ದಿನ ಅಸ್ತರದೊಳಗೆ ಕೈಹಾಕಿ ಮುಟ್ಟಿ ನೋಡು, ಇದೆಯೋ ಇಲ್ಲವೋ ಬೆರಳಿಗೆ ಗೊತ್ತಾಗುತ್ತದೆ. ತೊಡೆಯ ಸಂದಿಯಲ್ಲಿ ಒಳಗಿನಿಂದ ಬಟ್ಟೆಯ ತೇಪೆ, ಮೊಣಕಾಲಿನವರೆಗೆ ಅಸ್ತರ ಹಾಕಿಸು. ಅಸ್ತರ ವಿಸ್ಕೋಸ್‌ದು ಇರಲಿ, ಪಾಲಿಸ್ಟರ್ ಅಸ್ತರ ಹಾಕಿದರೆ ಉಣ್ಣೆಗೆ ಕೊಟ್ಟ ರೊಕ್ಕ ನೀರಿಗೆ ಹಾಕಿದ ಹಾಗೆ, ಬೆವರು ಒಳಗೇ ಉಳಿಯುತ್ತದೆ.

ನಿನ್ನ ಅವ್ವ ಫೋನಿನಲ್ಲಿ ಇನ್ನೊಂದು ಮಾತು ಹೇಳಿದಳು. ಓಣಿಯಲ್ಲಿ ಯಾರೋ, ನಾಲ್ಕು ಅಕ್ಷರ ಕಲಿತ ಕೂಡಲೇ ಸಾಹೇಬನ ವೇಷ ಎಂದರಂತೆ, ನಿನಗೆ ಬೇಜಾರಾಯಿತಂತೆ. ತಮ್ಮಾ, ನಾನು ಕೂತಿರುವ ಈ ಊರಿಗೆ ಮಾಣಗಾವ ದೂರವಿಲ್ಲ. 1920ರ ಮಾರ್ಚ್ 21 ಮತ್ತು 22ರಂದು ಅಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು, ಅಂಬೇಡ್ಕರ್ ಅಧ್ಯಕ್ಷರು, ಶಾಹು ಮಹಾರಾಜರು ಸ್ವತಃ ಬಂದು ಇವರೇ ನಿಮ್ಮ ನಾಯಕ ಎಂಬ ಅರ್ಥದ ಮಾತಾಡಿದರು. ಆಗ ಅಂಬೇಡ್ಕರರಿಗೆ ಇಪ್ಪತ್ತೆಂಟು. ಮುಂದೆ ಇಡೀ ದೇಶ ಅವರನ್ನು ನೆನೆಯುವುದು ಅಚ್ಚುಕಟ್ಟಾದ ಸೂಟಿನಲ್ಲಿ. ಯಾರ ಮೈಮೇಲೆ ಎಂಥ ಬಟ್ಟೆ ಇರಬೇಕು, ಯಾರ ಕಾಲಲ್ಲಿ ಚಪ್ಪಲಿ ಇರಬಾರದು ಎಂದು ಊರ ದೊಡ್ಡವರು ತೀರ್ಮಾನ ಮಾಡುತ್ತಿದ್ದ ಕಾಲದಲ್ಲಿ ಆ ಸೂಟು ಲಕ್ಷಾಂತರ ಜನರ ತಲೆ ಎತ್ತಿಸಿತು. ನಿನ್ನ ದುಡಿಮೆಯ ರೊಕ್ಕದಿಂದ ಹೊಲಿಸಿದ ಬಟ್ಟೆಯನ್ನು ಸಂಕೋಚವಿಲ್ಲದೆ ಹಾಕು. ಸಾಲ ಮಾಡಿ, ಕಂತು ಕಟ್ಟಿ ಮಾತ್ರ ಹೊಲಿಸಬೇಡ. ಮೊದಲ ಸಂಬಳ ಬರುವವರೆಗೆ ಅಂಗಿ, ಪ್ಯಾಂಟು, ಪಾಲಿಶ್ ಮಾಡಿದ ಬೂಟಿನಲ್ಲಿ ಹೋಗು. ಯಾವ ಶಹಾಣ್ಯಾ ಗಿರಾಕಿಯೂ ಅದಕ್ಕೆ ನಿನ್ನನ್ನು ಕಡಿಮೆ ಎಣಿಸುವುದಿಲ್ಲ.

ಕಾಯುವುದು ಹೇಗೆ ಎಂಬುದನ್ನೂ ಬರೆದುಬಿಡುತ್ತೇನೆ, ಅರ್ಧ ಬಾಳಿಕೆ ಇರುವುದು ಅದರಲ್ಲೇ. ಮೋಟರ್‌ಸೈಕಲ್ ಮೇಲೆ ಸೂಟು ಹಾಕಿಕೊಂಡು ಹೋಗಬೇಡ. ಸೀಟಿನ ರೆಕ್ಸಿನ್‌ಗೆ ತಿಕ್ಕಿ ಆರು ತಿಂಗಳಲ್ಲಿ ಪ್ಯಾಂಟಿನ ಹಿಂಭಾಗ ಹೊಳೆಯುತ್ತದೆ. ಹಳೆ ಪ್ಯಾಂಟಿನಲ್ಲಿ ಹೋಗು, ಕೋಟು ಕಂಪನಿಯ ಕಪಾಟಿನಲ್ಲೇ ಅಗಲ ಹೆಗಲಿನ ಕಟ್ಟಿಗೆ ಹ್ಯಾಂಗರಿಗೆ ಇರಲಿ. ಒಂದು ದಿನ ಹಾಕಿದರೆ ಮರುದಿನ ಅದಕ್ಕೆ ಸೂಟಿ ಕೊಡು. ಕಿಸೆಯಲ್ಲಿ ಮೊಬೈಲು, ಕೀಲಿ ಗೊಂಚಲು ತುಂಬಬೇಡ. ಸಂಜೆ ಮೆತ್ತನೆ ಬ್ರಷ್‌ನಿಂದ ಮೇಲಿಂದ ಕೆಳಗೆ ಧೂಳು ಹೊಡೆ. ನಿನ್ನ ಕಂಪನಿಯಿರುವ ಫೌಂಡ್ರಿ ಪಟ್ಟಿಯ ಕಪ್ಪು ಧೂಳು ನೂಲಿನೊಳಗೆ ಕೂತರೆ ಗರಗಸದ ಕೆಲಸ ಮಾಡುತ್ತದೆ. ಡ್ರೈಕ್ಲೀನಿಂಗ್ ವರ್ಷಕ್ಕೆ ಎರಡು ಮೂರು ಸಲ ಸಾಕು, ಪ್ರತಿ ಸಲವೂ ಅದು ಉಣ್ಣೆಯ ಜಿಡ್ಡು ತೆಗೆದು ಎಳೆಯನ್ನು ಒಣಗಿಸುತ್ತದೆ. ಕೊಡುವಾಗ ಕೋಟು, ಎರಡೂ ಪ್ಯಾಂಟು ಕೂಡಿಯೇ ಕೊಡು, ಇಲ್ಲವಾದರೆ ಬಣ್ಣ ಬೇರೆಯಾಗುತ್ತದೆ. ಬರಿ ಇಸ್ತ್ರಿ ಬಟ್ಟೆಗೆ ತಾಗಬಾರದು, ನಡುವೆ ಒದ್ದೆ ಪಂಚೆ ಹಾಸು.

ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸೂಟು ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಳೆ ಹತ್ತಿ ಸೀರೆಯಿಂದ ಚೀಲ ಹೊಲಿಸಿಕೋ. ಬಿಸಿಲು ಬಿದ್ದ ದಿನ ನೆರಳಲ್ಲಿ ಗಾಳಿಗೆ ಹಾಕು, ಒಣಗಿದ ಬೇವಿನ ಎಲೆ, ಡಾಂಬರು ಗುಳಿಗೆ ಚೀಲದೊಳಗೆ ಬಟ್ಟೆಗೆ ತಾಗದಂತೆ ಕಟ್ಟು. ನುಸಿ ಉಣ್ಣೆಯನ್ನೇ ಹುಡುಕಿಕೊಂಡು ಬರುತ್ತದೆ, ಅದರಲ್ಲೂ ಬೆವರು, ಊಟದ ಕಲೆ ಇರುವಲ್ಲಿಗೆ. ಎಲ್ಲಾದರೂ ತೂತು ಬಿದ್ದರೆ ಗಾಬರಿಯಾಗಬೇಡ, ರಫೂ ಮಾಡುವವರು ಕೊಲ್ಹಾಪುರದಲ್ಲಿ ಇನ್ನೂ ಇದ್ದಾರೆ. ಅವರಿಗೆ ಬೇಕಾಗುವುದು ಅದೇ ಬಟ್ಟೆಯ ಎಳೆ. ಅದಕ್ಕೇ ಹೊಲಿದು ಉಳಿದ ತುಂಡುಗಳನ್ನು, ಎರಡು ಹೆಚ್ಚಿನ ಗುಂಡಿಗಳನ್ನು ಶಿಂಪಿಯಿಂದ ಕೇಳಿ ತಗೊಂಡು ಇಟ್ಟುಕೋ.

ಈಗ ಆಷಾಢ, ಮದುವೆಗಳಿಲ್ಲ, ಶಿಂಪಿಗಳ ಕೈ ಖಾಲಿ. ಮೊದಲ ಸಂಬಳ ಕೈಗೆ ಬಂದ ವಾರವೇ ಅಳತೆ ಕೊಡು. ದಸರಾ ಹತ್ತಿರ ಬಂತೆಂದರೆ ಎಂಥ ಒಳ್ಳೆಯ ಶಿಂಪಿಯೂ ಅವಸರದಲ್ಲಿ ಟ್ರಯಲ್ ತಪ್ಪಿಸುತ್ತಾನೆ. ಬಟ್ಟೆ ಆರಿಸುವ ದಿನ ಫೋನ್ ಮಾಡು, ನಾನೇ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಬರುತ್ತೇನೆ. ನಿನ್ನ ತಂಗಿಗೂ ಹೇಳು, ಕ್ಯಾಂಪಸ್ ಸಂದರ್ಶನಕ್ಕೆ ಅವಳು ಬ್ಲೇಜರ್ ಬೇಕೆಂದಿದ್ದಾಳೆ. ಹೆಣ್ಣುಮಕ್ಕಳ ಸಿದ್ಧ ಬ್ಲೇಜರುಗಳಲ್ಲಿ ಮಾರ್ಜಿನ್ ಬಿಡುವುದೇ ಅಪರೂಪ, ಕಿಸೆಯೂ ಬರೀ ತೋರಿಕೆಯದ್ದು. ಅವಳದ್ದನ್ನೂ ಅದೇ ಶಿಂಪಿಯ ಹತ್ತಿರ, ಅದೇ ಅಚ್ಚನೀಲಿಯಲ್ಲಿ, ನಿಜವಾದ ಕಿಸೆ ಇಟ್ಟು ಹೊಲಿಸೋಣ. ಅದರ ಖರ್ಚು ನನ್ನದು, ಅಕ್ಕನಿಗೆ ಹೇಳಬೇಡ.

ಅಪ್ಪ ಅವ್ವನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಹಿತ ಬಯಸುವ,
ಮಾಮಾ